ಇಬ್ಬರು ಒಂದೇ ಅಕ್ಷರ ತಿದ್ದಿದಾಗ: ಕನ್ನಡದ ಸಹ-ಬರವಣಿಗೆ ಎಡಿಟರ್ ಕಟ್ಟಿದ ಅನುಭವ

ಹಲವರು ಕೂಡಿ ಬರೆಯುವ ಎಡಿಟರ್‌ಗಳ ಸಮಸ್ಯೆ ಹಳೆಯದು. ಎಲಿಸ್ ಮತ್ತು ಗಿಬ್ಸ್ 1989ರಲ್ಲೇ, ಒಬ್ಬರ ತಿದ್ದುಪಡಿಗೆ ತಕ್ಕಂತೆ ಇನ್ನೊಬ್ಬರದನ್ನು ಹೊಂದಿಸುವ ಆಪರೇಷನಲ್ ಟ್ರಾನ್ಸ್‌ಫಾರ್ಮೇಶನ್ ವಿಧಾನ ಕೊಟ್ಟರು. ನಾನು ಬಳಸುವುದು ಸಿಆರ್‌ಡಿಟಿ (ಎಲ್ಲರ ಪ್ರತಿಗಳೂ ತಾವಾಗಿಯೇ ಒಂದಾಗುವಂಥ ದತ್ತಾಂಶ ರಚನೆ) ಮಾದರಿಯ ವೈಜೆಎಸ್ ಎಂಬ ಲೈಬ್ರರಿ. ಕೊನೆಗೆ ಎಲ್ಲರ ಪರದೆಯಲ್ಲೂ ಒಂದೇ ಪಠ್ಯ ಇರುತ್ತದೆ ಅನ್ನುವುದಕ್ಕೆ ಅದು ಹೊಣೆ. ಆ ಪಠ್ಯ ಓದಲು ಬರುತ್ತದೆಯೇ ಅನ್ನುವುದಕ್ಕಲ್ಲ.

‘ಮನ’ ಎಂದು ಇದೆ ಅನ್ನಿ. ಒಬ್ಬರು ‘ಮನೆ’ ಮಾಡಿದರು, ಧಾರವಾಡದವರು ಅದೇ ಗಳಿಗೆಗೆ ‘ಮನಿ’ ಮಾಡಿದರು. ಎರಡೂ ಸ್ವರಚಿಹ್ನೆ ಒಂದೇ ನಕಾರಕ್ಕೆ ಅಂಟಿ, ಓದಲು ಬಾರದಂತಾಗುತ್ತದೆ. ಅದಕ್ಕೆ, ಮೊದಲೇ ಇದ್ದ ಅಕ್ಷರಕ್ಕೆ ಚಿಹ್ನೆ ಸೇರಿದರೆ ಇಡೀ ಅಕ್ಷರವನ್ನೇ ಒಂದು ಟ್ರಾನ್ಸಾಕ್ಷನ್‌ನಲ್ಲಿ ಅಳಿಸಿ ಹೊಸದಾಗಿ ಹಾಕುತ್ತೇನೆ. ಆಗ ‘ಮನೆನಿ’ ಆಗುತ್ತದೆ. ತಪ್ಪೇ, ಆದರೆ ಇಬ್ಬರಿಗೂ ಕಾಣುವ ತಪ್ಪು, ತಿದ್ದುವುದೂ ಸುಲಭ. ಹೊಸದಾಗಿ ಟೈಪ್ ಮಾಡುವಾಗ ಮಾತ್ರ ಇದು ಬೇಡ. ಪ್ರತಿ ಕೀಲಿಗೂ ಅಳಿಸಿದ ಗುರುತು ಉಳಿದು ಕಡತ ಊದಿಕೊಳ್ಳುತ್ತದೆ.

ಕರ್ಸರ್ ಇನ್ನೊಂದು ತಲೆನೋವು. ಯುನಿಕೋಡ್ 15.1ರಲ್ಲಿ ಬಂದ ಒತ್ತಕ್ಷರದ ನಿಯಮದಲ್ಲಿ ದೇವನಾಗರಿ, ತೆಲುಗು ಇವೆ, ಕನ್ನಡ ಇಲ್ಲ. ಹಾಗಾಗಿ ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಬ್ರೌಸರಿನ ಸೆಗ್ಮೆಂಟರ್ ‘ಕ್ಷ’ವನ್ನು ‘ಕ್’, ‘ಷ’ ಎಂದು ಒಡೆಯುತ್ತದೆ, ಬೇರೆಯವರ ಕರ್ಸರ್ ಒತ್ತಿನ ನಡುವೆ ನಿಲ್ಲುತ್ತದೆ. ವಿರಾಮದ (ವ್ಯಂಜನದ ‘ಅ’ ತೆಗೆಯುವ ಚಿಹ್ನೆ) ನಂತರ ವ್ಯಂಜನ ಬಂದರೆ ಕೂಡಿಸು ಎಂಬ ನಿಯಮ ನಾವೇ ಬರೆಯಬೇಕು. ‘ರಾಜ್‌ಕುಮಾರ್’ನಲ್ಲಿ ನಡುವೆ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಜಡ್‌ಡಬ್ಲ್ಯೂಎನ್‌ಜೆ ಗುರುತು ಇರುವುದರಿಂದ ಅಲ್ಲಿ ಕೂಡಿಸಬಾರದು. ಬಾಣದ ಕೀಲಿ ಅಕ್ಷರದಿಂದ ಅಕ್ಷರಕ್ಕೆ ಹೋಗಲಿ, ಬ್ಯಾಕ್‌ಸ್ಪೇಸ್ ಒಂದೊಂದೇ ಕೋಡ್‌ಪಾಯಿಂಟ್ (ಯುನಿಕೋಡ್‌ನ ಒಂದು ಬಿಡಿ ಸಂಕೇತ) ಅಳಿಸಲಿ. ಕೊನೆಯ ಒತ್ತು ತಪ್ಪಿದಾಗ ಇಡೀ ‘ಸ್ತ್ರೀ’ ಮತ್ತೆ ಹೊಡೆಯಲು ಯಾರಿಗೂ ತಾಳ್ಮೆಯಿಲ್ಲ.

ಲಿಪ್ಯಂತರದಲ್ಲಿ (ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿಧಾನ) ಟೈಪಿಸುವವರ ಪದ ಇನ್ನೂ ರೂಪುಗೊಳ್ಳುತ್ತಿರುವಾಗ ಇನ್ನೊಬ್ಬರ ಬದಲಾವಣೆ ಬಂದು ಡಾಮ್ (ಬ್ರೌಸರ್ ಪುಟದ ಒಳರಚನೆ) ಬದಲಾದರೆ ಅರ್ಧ ಪದ ಮಾಯ, ಇಲ್ಲವೇ ಎರಡು ಸಲ. ಪದ ರೂಪುಗೊಳ್ಳಲು ಶುರುವಾಯಿತು, ಮುಗಿಯಿತು ಎಂದು ಬ್ರೌಸರ್ ತಿಳಿಸುವ ಕಾಂಪೊಸಿಷನ್‌ಸ್ಟಾರ್ಟ್‌ನಿಂದ ಕಾಂಪೊಸಿಷನ್‌ಎಂಡ್‌ವರೆಗೆ ಬಂದದ್ದನ್ನು ಸರತಿಯಲ್ಲಿ ಹಿಡಿದಿಡಿ.

ಕರ್ಸರ್ ಸ್ಥಾನವನ್ನು ಅಂಕಿಯಾಗಿ ಅಲ್ಲ, ಪಕ್ಕದ ಅಕ್ಷರಕ್ಕೆ ಕಟ್ಟಿದ ರಿಲೇಟಿವ್ ಪೊಸಿಷನ್ ಆಗಿಯೇ ಕಳಿಸಿ. ಮೇಲೆ ಯಾರೋ ಒಂದು ಸಾಲು ಸೇರಿಸಿದರೂ ಜಾಗ ತಪ್ಪುವುದಿಲ್ಲ. ಅನ್‌ಡೂ ನಮ್ಮ ತಿದ್ದುಪಡಿಯನ್ನಷ್ಟೇ ಹಿಂತೆಗೆಯಲು, ಯಾರ ತಿದ್ದುಪಡಿ ಲೆಕ್ಕಕ್ಕೆ ಎಂದು ಹೇಳುವ ವೈಜೆಎಸ್‌ನ ಟ್ರ್ಯಾಕ್ಡ್‌ಒರಿಜಿನ್ಸ್ ಹೊಂದಿಸಬೇಕು.

ಪರೀಕ್ಷೆ ಒಂದೇ ಲ್ಯಾಪ್‌ಟಾಪಿನ ಎರಡು ಟ್ಯಾಬ್‌ಗಳಲ್ಲಿ ಬೇಡ, ಅಲ್ಲಿ ಡಿಕ್ಕಿಯೇ ಆಗುವುದಿಲ್ಲ. ನೆಟ್‌ವರ್ಕ್ ನಿಧಾನವಾದಂತೆ ಮಾಡುವ ಲಿನಕ್ಸ್‌ನ ನೆಟೆಮ್‌ನಿಂದ 300 ಮಿಲಿಸೆಕೆಂಡು ತಡ ಸೇರಿಸಿ, ಇಬ್ಬರನ್ನು ಒಂದೇ ಪದದ ಮೇಲೆ ಕೂರಿಸಿ.