ದನ ಕಾಯುತ್ತಾ ವೀರಗಲ್ಲು ಕಾದದ್ದು

ನಮ್ಮದು ಕಡೂರು ತಾಲ್ಲೂಕಿನ ಬಯಲು ಭಾಗ. ಕೊಟ್ಟಿಗೆಯಲ್ಲಿ ಹಳ್ಳಿಕಾರ್ ದನ, ಅಮೃತ್‌ಮಹಲ್ ಹೋರಿಗಳಿವೆ. ಡೈರಿಗೆ ಹಾಲು ಹಾಕಲು ಸೀಮೆಹಸುಗಳೂ ಇವೆ. ಹೊಟ್ಟೆಪಾಡು ನಡೆಯುವುದು ಇವುಗಳಿಂದಲೇ. ಇದರ ಜೊತೆಗೇ ನಮ್ಮೂರು, ಪಕ್ಕದೂರುಗಳ ವೀರಗಲ್ಲು, ಶಾಸನ, ದನ ನೀರು ಕುಡಿಯುವ ಹಳೇ ಗೋಕಟ್ಟೆಗಳನ್ನು ನೋಡಿಕೊಳ್ಳುತ್ತಾ ಬಂದಿದ್ದೇನೆ.

"ದನ ಕಾಯೋನಿಗೆ ಇತಿಹಾಸ ಯಾಕಪ್ಪಾ" ಅಂತ ಕೇಳಿದವರನ್ನು ನಾನು ನೇರ ಕಲ್ಲಿನ ಮುಂದೆ ಕರೆದೊಯ್ದು ನಿಲ್ಲಿಸುತ್ತೇನೆ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಅದರ ಮುಂದೆ ಬಿಲ್ಲೆಳೆದು ನಿಂತವನೊಬ್ಬ. ಅದರ ಮೇಲಿನ ಪಟ್ಟಿಕೆಯಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ತುದಿಯಲ್ಲಿ ಶಿವಲಿಂಗ, ಸೂರ್ಯ, ಚಂದ್ರ. ತುರುಗೊಳ್ ಕಾಳಗದಲ್ಲಿ, ಅಂದರೆ ದನ ಹೊಡೆದೊಯ್ಯುವವರ ಜೊತೆಗಿನ ಕಾದಾಟದಲ್ಲಿ, ಊರ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು ಅದು. ಅಂಥವನ ಮನೆಯವರಿಗೆ ಊರು ಭೂಮಿ ಬಿಡುತ್ತಿತ್ತು. ಕಲ್ನಾಡು, ನೆತ್ತರುಕೊಡುಗೆ ಎಂದು ಶಾಸನಗಳಲ್ಲಿ ಬರುವುದು ಅದೇ. ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ (ಕಪಿಲೆ ಹಸು) ಕೊಂದ ಪಾಪ ಎಂಬ ಶಾಪವನ್ನೂ ಎಷ್ಟೋ ಶಾಸನಗಳ ಕೊನೆಗೆ ಕೊರೆದಿದ್ದಾರೆ. ರಾಜರ ಗುಡಿಗಳನ್ನು ನೋಡಿಕೊಳ್ಳಲು ಇಲಾಖೆಗಳಿವೆ. ದನಕ್ಕಾಗಿ ಸತ್ತವನ ಕಲ್ಲನ್ನು ದನದವನೇ ನೋಡಿಕೊಳ್ಳಬೇಕು ಅನ್ನುವುದು ನನ್ನ ನಂಬಿಕೆ. ವೀರಗಲ್ಲುಗಳಲ್ಲಿ ಬಹುಪಾಲು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೇ ಇಲ್ಲ.

ಶುರು ಮಾಡಿದ್ದು ಪುಸ್ತಕದಿಂದ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ, 1901ರದು, ಆಗಿನ ಕಡೂರು ಜಿಲ್ಲೆಯದು. ಅದರಲ್ಲಿ ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಹಾಕಿ, ಯಾವ ಊರಿನ ಯಾವ ಗುಡಿಯ ಹತ್ತಿರ, ಯಾರ ಹೊಲದಲ್ಲಿ ಎಂದು ಬರೆದಿದ್ದಾರೆ. ನಮ್ಮ ಸುತ್ತಲ ಊರುಗಳದ್ದನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಮೇಯಿಸಲು ಹೋದ ಕಡೆಯಲ್ಲೆಲ್ಲ ಆ ಕಲ್ಲು ಈಗಲೂ ಅಲ್ಲೇ ಇದೆಯೇ ಎಂದು ನೋಡುತ್ತಾ ಹೋದೆ. ಕೆಲವು ಇದ್ದಲ್ಲೇ ಇದ್ದವು. ಒಂದು ಮೋರಿಯ ಹಾಸುಗಲ್ಲಾಗಿತ್ತು, ಒಂದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಪುಸ್ತಕದಲ್ಲಿಲ್ಲದ, ಅಕ್ಷರವಿಲ್ಲದ ಕಲ್ಲುಗಳೂ ಬೇಲಿಯೊಳಗೆ ಸಿಕ್ಕವು. ಈ ಕೆಲಸಕ್ಕೆ ದನ ಕಾಯುವವನಿಗಿಂತ ಅನುಕೂಲಸ್ಥ ಇನ್ನೊಬ್ಬನಿಲ್ಲ. ದನ ಮೇಯುವ ಕಾವಲು, ಕೆರೆ ಅಂಗಳ, ಹಾಳೂರು, ಎಲ್ಲ ಕಡೆಗೂ ದಿನಾ ಕಾಲು ಬೀಳುವುದು ಅವನದೇ.

ದನಗಳಿಂದಲೂ ಕಲ್ಲಿಗೆ ತೊಂದರೆಯಿದೆ, ಇದನ್ನು ದನದವರು ಮೊದಲು ತಿಳಿಯಬೇಕು. ಉಣ್ಣಿ ಹತ್ತಿದ ದನ ನೆಟ್ಟಗೆ ನಿಂತ ಯಾವ ಕಲ್ಲು ಸಿಕ್ಕರೂ ಮೈ ಉಜ್ಜುತ್ತದೆ. ನಮ್ಮ ಕಡೆಯ ಎಷ್ಟೋ ವೀರಗಲ್ಲುಗಳು ಬಳಪದ ಕಲ್ಲಿನವು. ಮೆತ್ತನೆ ಕಲ್ಲು, ಅಂಚು ಸವೆದು ಅಕ್ಷರ ಹೋಗುತ್ತದೆ. ಬೇಲಿ ಕಟ್ಟಿದರೆ ದನ ಅದನ್ನು ಮುರಿದೇ ಮುರಿಯುತ್ತವೆ. ಅದಕ್ಕೆ ನಾನು ಸ್ವಲ್ಪ ದೂರದಲ್ಲಿ ಒಂದು ಒರಟು ಕಲ್ಲುಕಂಬ ನೆಟ್ಟು, ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ, ಬೇವಿನ ಎಣ್ಣೆ ಬಳಿದೆ. ದನ ತಾವಾಗಿಯೇ ಅತ್ತ ಹೋದವು. ಉಣ್ಣಿಯೂ ಕಡಿಮೆಯಾಯಿತು. ಇನ್ನೊಂದು ತೊಂದರೆ ತಿಪ್ಪೆಯದು. ಗೊಬ್ಬರ, ಗಂಜಲದಲ್ಲಿರುವ ಉಪ್ಪು ತೇವದ ಜೊತೆ ಕಲ್ಲಿನೊಳಗೆ ಇಳಿಯುತ್ತದೆ, ಬಿಸಿಲಿಗೆ ಒಣಗಿದಾಗ ಹರಳುಗಟ್ಟಿ ಮೇಲ್ಪದರವನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಕಲ್ಲಿಗೆ ಒರಗಿಸಿ ತಿಪ್ಪೆ ಹಾಕಿದ್ದವರ ಮನೆಗೆ ಹೋಗಿ ಮಾತಾಡಿ, ನಮ್ಮ ಗಾಡಿಯಲ್ಲೇ ಗೊಬ್ಬರವನ್ನು ಅವರ ಹೊಲಕ್ಕೆ ಹೊಡೆದುಕೊಟ್ಟೆ. ನೆರವು ಕೊಟ್ಟರೆ ಜಗಳವಿಲ್ಲ.

ತೊಳೆಯುವುದಕ್ಕೆ ನೀರು, ತೆಂಗಿನ ನಾರು, ಬಿದಿರು ಕಡ್ಡಿ, ಇಷ್ಟೇ ಸಾಕು. ಹಾವಸೆ ಗಟ್ಟಿಯಾಗಿದ್ದರೆ ನೆನೆಯಲು ಬಿಟ್ಟು ಮಾರನೇ ದಿನ ಮತ್ತೆ ಉಜ್ಜುತ್ತೇನೆ. ತಂತಿ ಬ್ರಷ್, ಆಸಿಡ್ ಕಲ್ಲಿನ ಹತ್ತಿರವೂ ಸುಳಿಯಬಾರದು. ಉತ್ಸಾಹದಲ್ಲಿ ಆಯಿಲ್ ಪೇಂಟ್ ಬಳಿಯುವವರಿದ್ದಾರೆ. ಬಣ್ಣ ಕಲ್ಲಿನ ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಅಕ್ಷರವನ್ನೂ ತುಂಬಿಬಿಡುತ್ತದೆ. ಬುಡಕ್ಕೆ ಸಿಮೆಂಟು ಬೇಡ, ಜಲ್ಲಿ ತುಂಬಿ ನೀರು ಹರಿದುಹೋಗಲು ದಾರಿ ಮಾಡಿದರೆ ಸಾಕು.

ಪೂಜೆಯ ವಿಷಯ ನಾಜೂಕಿನದು. ನಮ್ಮೂರಲ್ಲಿ ಒಂದು ಕಲ್ಲಿಗೆ ಮೊದಲಿಂದಲೂ ಎಣ್ಣೆ ಹಚ್ಚುವ ರೂಢಿ. ಜಿಡ್ಡಿನ ಮೇಲೆ ಧೂಳು ಕೂತು ಚಿತ್ರವೇ ಕಾಣದಂತಾಗಿತ್ತು. ಹಚ್ಚುತ್ತಿದ್ದ ಅಜ್ಜಿಗೆ, "ಅಜ್ಜೀ, ಇವನು ದನ ಕಾಯೋಕೆ ಹೋಗಿ ಪ್ರಾಣ ಬಿಟ್ಟವನು, ಮುಖ ಕಾಣಲಿ" ಅಂದೆ. ಮುಂದೆ ಒಂದು ಚಿಕ್ಕ ಕಲ್ಲು ಇಟ್ಟು, ಎಣ್ಣೆ, ಅರಿಶಿನ, ಕುಂಕುಮ ಎಲ್ಲ ಅದಕ್ಕೆ ಎಂದು ಗೊತ್ತುಮಾಡಿದೆವು. ಪೂಜೆ ನಿಲ್ಲಬಾರದು. ಪೂಜೆ ನಡೆಯುವ ಕಲ್ಲನ್ನು ಯಾರೂ ಕದಿಯುವುದಿಲ್ಲ, ಮೋರಿಗೆ ಹಾಕುವುದಿಲ್ಲ.

ಅಕ್ಷರ ಓದಲು ಹಿಟ್ಟು, ಸೀಮೆಸುಣ್ಣ ತಿಕ್ಕುವ ಅಭ್ಯಾಸ ಬಿಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆ ಬೆಳಕು ಬಿಡಿ. ಹಗಲಲ್ಲಿ ಕಾಣದ ಸಾಲು ಎದ್ದು ಬರುತ್ತದೆ. ಹಾಗೆ ತೆಗೆದ ಫೋಟೋಗಳನ್ನು ಹಳಗನ್ನಡ ಬಲ್ಲ ಮೇಷ್ಟ್ರೊಬ್ಬರಿಗೆ ಕಳಿಸುತ್ತೇನೆ.

ಕಲ್ಲನ್ನು ಮ್ಯೂಸಿಯಮ್ಮಿಗೆ ಸಾಗಿಸಿಬಿಡಿ ಎಂದು ತಿಳಿದವರೂ ಹೇಳುತ್ತಾರೆ. ಒಡೆದುಹೋಗುವ ಭಯವಿದ್ದರೆ ಸರಿ. ಆತಕೂರಿನ ಕಾಳಿ ಎಂಬ ನಾಯಿಯ ಪ್ರಸಿದ್ಧ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ಚೆನ್ನಾಗಿಯೇ ಇದೆ. ಆದರೆ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು, ಗಂಗರ ರಾಜ ಶ್ರೀಪುರುಷನ ಕಾಲದ್ದು, ಅಲ್ಲಿನ ಜನರೇ ಮುಂದೆ ನಿಂತು ಉಳಿಸಿಕೊಂಡದ್ದರಿಂದ ಅದೇ ಹೆಬ್ಬಾಳದಲ್ಲಿದೆ. ಬೆಂಗಳೂರಿನಂಥ ಊರಲ್ಲೇ ಆಗುವುದಾದರೆ ನಮ್ಮ ಹಳ್ಳಿಯಲ್ಲಿ ಯಾಕಾಗಬಾರದು? ಯಾವ ದಾರಿಯಲ್ಲಿ ದನ ಹೊಡೆದುಕೊಂಡು ಹೋದರು, ಎಲ್ಲಿ ತಡೆದರು ಅನ್ನುವುದಕ್ಕೆ ಉಳಿದಿರುವ ಸಾಕ್ಷಿ ಕಲ್ಲು ನಿಂತಿರುವ ಜಾಗ.

ಈಗ ನನ್ನ ಚಿಂತೆಯೆಲ್ಲ ಗೋಕಟ್ಟೆ ಏರಿಯಲ್ಲಿ ಅರ್ಧ ಹೂತಿರುವ ಕಲ್ಲಿನದು. ಮೇಲೆ ಎರಡು ಸಾಲು ಅಕ್ಷರ ಕಾಣುತ್ತದೆ, ಉಳಿದದ್ದು ಮಣ್ಣಿನಲ್ಲಿದೆ. ನಾವೇ ಅಗೆಯುವುದು ಬೇಡವೆಂದು ಹುಡುಗರನ್ನು ತಡೆದಿದ್ದೇನೆ. ಅಗೆದ ಗುರುತು ಕಂಡರೆ ನಿಧಿಗಳ್ಳರು ಬಂದೇ ಬರುತ್ತಾರೆ. ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟಾಗಿದೆ. ಮಳೆಗೆ ಮುಂಚೆ ಪಂಚಾಯ್ತಿಯಿಂದ ಹೂಳೆತ್ತುವ ಕೆಲಸವಿದೆ. ಜೆಸಿಬಿ ಬರುವ ಹಿಂದಿನ ಸಂಜೆ ಕಲ್ಲಿನ ಸುತ್ತ ಸುಣ್ಣದ ಗೆರೆ ಹಾಕಬೇಕು, ಬೆಳಗಿನ ಹಾಲು ಡೈರಿಗೆ ಹಾಕಲು ತಮ್ಮನಿಗೆ ಹೇಳಿ ನಾನು ಏರಿಯ ಮೇಲಿರಬೇಕು.