ಮಂಡಿ ಚೀಟಿಯಿಂದ ಕಂಪ್ಯೂಟರ್ ಪಾಠ ಆರಂಭಿಸುವ ಬಗೆ

ಪ್ರೌಢಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಕಲಿಸುವಾಗ ಮಾನಿಟರ್, ಮೌಸ್ ಎಂದು ಭಾಗಗಳ ಹೆಸರು ಬರೆಸಿ, ಉಳಿದ ಅವಧಿಯಲ್ಲಿ ಚಿತ್ರ ಬಿಡಿಸಲು ಬಿಡುವುದು ವಾಡಿಕೆ. ಮೊದಲ ವರ್ಷ ನಾನೂ ಹಾಗೆಯೇ ಮಾಡಿದೆ. ವರ್ಷದ ಕೊನೆಗೆ ಮಕ್ಕಳಿಗೆ ತಾವು ಬಿಡಿಸಿದ ಚಿತ್ರ ಯಾವ ಫೋಲ್ಡರಿನಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಕೋಲಾರದ ಕಡೆಯ ಶಾಲೆಯಾದರೆ, ಒಂಬತ್ತನೇ ತರಗತಿಯ ಮೊದಲ ಪಾಠಕ್ಕೆ ಟೊಮೆಟೊ ಮಾರಿದಾಗ ಮಂಡಿಯಲ್ಲಿ ಬಾಕ್ಸ್, ದರ ಬರೆದು ಕೊಡುವ ಚೀಟಿಗಿಂತ ಒಳ್ಳೆಯ ಸಾಮಗ್ರಿ ಇಲ್ಲವೆಂದು ಈಗ ನನಗೆ ಅನಿಸುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿಯ ಆಸುಪಾಸಿಗೆ ಏರಿದ್ದನ್ನೂ, ಬೇರೆ ವರ್ಷಗಳಲ್ಲಿ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಕಂಡ ಮಕ್ಕಳಿಗೆ ಅಂಕಿಗಳ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಮನೆಯಿಂದ ಹಳೆಯ ಚೀಟಿಗಳನ್ನು ತರಲು ಹೇಳಿ. ಹೆಸರು, ಫೋನ್ ನಂಬರ್ ಇದ್ದರೆ ಅವನ್ನು ಬಿಟ್ಟು ಉಳಿದದ್ದನ್ನು ನಕಲು ಮಾಡಿಸಿ. ತೋಟವಿಲ್ಲದ ಮನೆಯ ಮಕ್ಕಳು ಡೇರಿಯ ಹಾಲಿನ ಪುಸ್ತಕವನ್ನೋ ಅಂಗಡಿಯ ಲೆಕ್ಕವನ್ನೋ ತರಬಹುದು. ಕರೆಂಟು ಇಲ್ಲದ ದಿನ ನೋಟುಪುಸ್ತಕದಲ್ಲೇ ದಿನಾಂಕ, ಬಾಕ್ಸ್, ದರ, ಮೊತ್ತ ಎಂಬ ನಾಲ್ಕು ಕಾಲಂ ಹಾಕಿಸಿದರೆ ಅರ್ಧ ಪಾಠ ಮುಗಿದಂತೆ. ಒಂದು ಕಂಪ್ಯೂಟರಿಗೆ ಮೂವರನ್ನು ಕೂರಿಸಿ, ಒಬ್ಬರು ಓದಿ ಹೇಳಲಿ, ಒಬ್ಬರು ಟೈಪ್ ಮಾಡಲಿ, ಮತ್ತೊಬ್ಬರು ತಪ್ಪು ಹಿಡಿಯಲಿ; ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗದಿದ್ದರೆ ಚುರುಕಿನ ಮಗುವೇ ಕೀಬೋರ್ಡನ್ನು ಹಿಡಿದುಕೊಂಡುಬಿಡುತ್ತದೆ.

ಸಾಲು, ಕಾಲಂಗಳಲ್ಲಿ ಲೆಕ್ಕ ಮಾಡುವ, ಉಚಿತವಾಗಿ ಸಿಗುವ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್ ಇದಕ್ಕೆ ಸಾಕು. ಬಿ ಕಾಲಮಿನಲ್ಲಿ ಬಾಕ್ಸ್, ಸಿ ಕಾಲಮಿನಲ್ಲಿ ದರ ಇದ್ದರೆ, ಡಿ2 ಕೋಶದಲ್ಲಿ, ಅಂದರೆ ಡಿ ಕಾಲಮಿನ ಎರಡನೇ ಸಾಲಿನ ಚೌಕದಲ್ಲಿ, ಸಮ ಚಿಹ್ನೆ ಹಾಕಿ ಬಿ2 ಮತ್ತು ಸಿ2ರ ನಡುವೆ ನಕ್ಷತ್ರ ಚಿಹ್ನೆ ಇಟ್ಟರೆ ಗುಣಾಕಾರವಾಗುತ್ತದೆ. ಅದನ್ನು ಕೆಳಕ್ಕೆ ಎಳೆದಾಗ ಬಿ3, ಬಿ4 ಎಂದು ತಾನಾಗಿ ಬದಲಾಗುವುದನ್ನು ಮಕ್ಕಳು ತಾವೇ ಗಮನಿಸುವವರೆಗೆ ಬಾಯಿ ಬಿಡಬೇಡಿ.

ನಿಜವಾದ ಕಲಿಕೆ ತಪ್ಪುಗಳಲ್ಲಿದೆ. ಮೂರು ದಿನದ ದರ 600, 300, 750 ಎಂದಿಟ್ಟುಕೊಳ್ಳಿ. ಹುಡುಗನೊಬ್ಬ ಕೊನೆಯದನ್ನು ‘750 ರೂ.’ ಎಂದು ಟೈಪ್ ಮಾಡಿದ. ಸರಾಸರಿ 550 ಬರಬೇಕಾದಲ್ಲಿ 450 ಬಂತು. ಅಕ್ಷರ ಸೇರಿದ ಕೂಡಲೇ ಆ ಕೋಶ ಪಠ್ಯವಾಗಿ ಎಡಕ್ಕೆ ಸರಿಯುತ್ತದೆ, ಸಂಖ್ಯೆಗಳು ಬಲಕ್ಕೇ ನಿಲ್ಲುತ್ತವೆ. ಮೊತ್ತದ ಕಾಲಂ ದೋಷವನ್ನು ಎತ್ತಿ ತೋರಿಸುತ್ತದೆ, ಸರಾಸರಿಯ ಸೂತ್ರ ಮಾತ್ರ ಪಠ್ಯವನ್ನು ಸದ್ದಿಲ್ಲದೆ ಬಿಟ್ಟು ಲೆಕ್ಕ ಹಾಕುತ್ತದೆ. ಎರಡನೆಯ ಬಗೆಯ ತಪ್ಪೇ ಹೆಚ್ಚು ಅಪಾಯಕಾರಿ ಎಂಬುದನ್ನು ಅಲ್ಲಿಯೇ ತೋರಿಸಬೇಕು.

ಇನ್ನೊಂದು ತಪ್ಪಿನಲ್ಲಿ ಕಂಪ್ಯೂಟರಿನ ಪಾತ್ರವೇ ಇಲ್ಲ. 600ರ ದರದಲ್ಲಿ 10 ಬಾಕ್ಸ್, 300ರ ದರದಲ್ಲಿ 40 ಬಾಕ್ಸ್ ಹೋದರೆ ದರಗಳ ಸರಾಸರಿ 450; ಆದರೆ ಕೈಗೆ ಬಂದ 18,000 ರೂಪಾಯಿಯನ್ನು 50 ಬಾಕ್ಸಿಗೆ ಭಾಗಿಸಿದರೆ ಸಿಗುವುದು 360. ಯಾವುದು ಸರಿ ಎಂದು ಕೇಳಿ, ವಾದಿಸಲು ಬಿಡಿ. ನನ್ನ ತರಗತಿಯಲ್ಲಿ ಇದಕ್ಕೆ ಇಡೀ ಅವಧಿ ಹೋಯಿತು, ಅದರ ಬಗ್ಗೆ ನನಗೆ ಬೇಸರವಿಲ್ಲ.

ಶೀರ್ಷಿಕೆಗಳನ್ನು ಕನ್ನಡದಲ್ಲೇ ಟೈಪ್ ಮಾಡಿಸಿ. ಕನ್ನಡದ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಬಳಸುವುದರಿಂದ, ‘ಅಮ್ಮ’ ಎನ್ನಲು ಎ, ಎಂ, ಎಫ್, ಎಂ ಒತ್ತಿದರಾಯಿತು. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲೇ ಬರೆಯಬೇಕೆಂಬುದು ಕಡ್ಡಾಯವಾಗಿರಲಿ, ಏಕೆಂದರೆ ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತದೆ.

ಮಂಡಿಯ ಹಣ ಈಗ ಫೋನಿಗೂ ಬರುವುದರಿಂದ ಒಂದು ಮಾತನ್ನು ಇದೇ ಪಾಠಕ್ಕೆ ಸೇರಿಸಬೇಕು: ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಮೋಸವಾದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನು ಮಕ್ಕಳು ಮನೆಯಲ್ಲಿ ಹೇಳಲಿ.

ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಡ. ಮೂರು ಕಡೆ ಬೇಕೆಂದೇ ಕೆಡಿಸಿದ ಹಾಳೆಯೊಂದನ್ನು ತೆರೆದುಕೊಟ್ಟು, ತಪ್ಪುಗಳನ್ನು ಹುಡುಕಿ ಸರಿಪಡಿಸಿ, ಹೊಸ ಹೆಸರಿನಲ್ಲಿ ಉಳಿಸಲು ಹೇಳಿ, ಹದಿನೈದು ನಿಮಿಷ ಕೊಡಿ.