ಬ್ರಿಟನ್ನಿಗೆ ಹೊರಟಿದ್ದೀರಾ? ಮೊದಲು ಅರ್ಜಿ, ಆಮೇಲೆ ಬಿಲ್ಲು

ಕಿವಿಯದೋ ಕಣ್ಣಿನದೋ ತೊಂದರೆ ಇದ್ದು, ಬೆಂಗಳೂರಿನಿಂದ ಬ್ರಿಟನ್ನಿಗೆ ಕೆಲಸಕ್ಕೆ ಅಥವಾ ಓದಿಗೆ ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವೀಸಾ, ಬಾಡಿಗೆ ಮನೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅನ್ನುವುದನ್ನೆಲ್ಲ ಬೇರೆಯವರು ಸಾಕಷ್ಟು ಹೇಳಿದ್ದಾರೆ. ನನ್ನ ಎರಡೂ ಕಿವಿಗೆ ಮಿಷನ್ ಇದೆ. ಅಲ್ಲಿ ಕೆಲವು ವರ್ಷ ಕೆಲಸ ಮಾಡಿ ಈಗ ಜಯನಗರಕ್ಕೆ ವಾಪಸ್ ಬಂದಿದ್ದೇನೆ. ಹೊರಡುವ ಹುಡುಗರು ಮನೆಗೆ ಬಂದು ಕೇಳಿಕೊಂಡು ಹೋಗುತ್ತಾರೆ. ಹೋದ ಮೇಲೆ ನಾನು ಬಿದ್ದ ಹಳ್ಳಕ್ಕೇ ಬೀಳುತ್ತಾರೆ. ಬಾಯಲ್ಲಿ ಹೇಳಿದ್ದು ಸಾಲದು ಅನ್ನಿಸಿ ಬರೆಯಲು ಕೂತೆ.

ನಮಗೆಲ್ಲ ಒಂದು ಅಭ್ಯಾಸ ಇದೆ. ಮೊದಲು ವಸ್ತು ಕೊಳ್ಳುವುದು, ಬಿಲ್ಲನ್ನು ಜೋಪಾನವಾಗಿ ಫೈಲಿಗೆ ಹಾಕುವುದು, ಆಮೇಲೆ ಕ್ಲೇಮ್ ಮಾಡುವುದು. ಬೆಂಗಳೂರಿನ ಆಫೀಸುಗಳಲ್ಲಿ ಮೆಡಿಕಲ್ ಬಿಲ್ಲು ಹೀಗೇ ನಡೆಯುತ್ತದೆ. ಬ್ರಿಟನ್ನಿನಲ್ಲಿ ಇದು ಪೂರಾ ಉಲ್ಟಾ.

ಅಲ್ಲಿ ಸರ್ಕಾರದ್ದೇ ಒಂದು ಯೋಜನೆ ಇದೆ, ಆಕ್ಸೆಸ್ ಟು ವರ್ಕ್ ಅಂತ. ಕೆಲಸ ಮಾಡಲು ನಿಮಗೆ ಬೇಕಾದ ವಿಶೇಷ ಸಾಧನಕ್ಕೆ ದುಡ್ಡು ಕೊಡುತ್ತದೆ. ಮೀಟಿಂಗಿನಲ್ಲಿ ಟೇಬಲ್ ಮೇಲಿಟ್ಟರೆ ಎಲ್ಲರ ಮಾತನ್ನೂ ನೇರ ಹಿಯರಿಂಗ್ ಏಡ್‌ಗೆ ಕಳಿಸುವ ವೈರ್‌ಲೆಸ್ ಮೈಕ್, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್, ಅಕ್ಷರಗಳನ್ನು ಬೆರಳಿಗೆ ಸಿಗುವ ಚುಕ್ಕಿಗಳಾಗಿ ತೋರಿಸುವ ಬ್ರೈಲ್ ಡಿಸ್‌ಪ್ಲೇ, ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್, ಬಸ್ಸು ರೈಲು ಹತ್ತಲು ಆಗದವರಿಗೆ ಟ್ಯಾಕ್ಸಿ. ಇದು ಸಾಲ ಅಲ್ಲ, ವಾಪಸ್ ಕೊಡಬೇಕಾಗಿಲ್ಲ. ಆದರೆ ಅವರಿಂದ ಮಂಜೂರಾತಿ ಪತ್ರ ಬರುವ ಮೊದಲು ನೀವು ಕೊಂಡ ವಸ್ತುವಿಗೆ ಅವರು ದುಡ್ಡು ಕೊಡುವುದಿಲ್ಲ. ಎಷ್ಟು ಚೆನ್ನಾಗಿ ಬಿಲ್ ಇಟ್ಟುಕೊಂಡಿದ್ದರೂ ಅಷ್ಟೇ.

ಎರಡನೆಯ ಕೊಕ್ಕೆ ಇನ್ನೂ ನಾಜೂಕು. ಕೆಲಸಕ್ಕೆ ಸೇರಿದ ಮೊದಲ 6 ವಾರದೊಳಗೆ ಅರ್ಜಿ ಹಾಕಿದರೆ, ಒಪ್ಪಿಗೆಯಾದ ಖರ್ಚನ್ನು ಪೂರ್ತಿ ಸರ್ಕಾರವೇ ಕೊಡುತ್ತದೆ. 6 ವಾರ ದಾಟಿತೋ, ಸಾಧನಗಳ ಖರ್ಚಿನಲ್ಲಿ ಕಂಪನಿಯೂ ಪಾಲು ಹಾಕಬೇಕು. 250 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಾದರೆ ಮೊದಲ 1,000 ಪೌಂಡು ಕಂಪನಿಯದು, ಅದರ ಮೇಲೆ 10,000 ಪೌಂಡಿನವರೆಗೆ ಶೇ 20 ಕೂಡ ಅದರದೇ. 50ರಿಂದ 249 ಜನ ಇದ್ದರೆ ಮೊದಲ 500 ಪೌಂಡು, ಆಮೇಲೆ ಅದೇ ಶೇ 20. 50ಕ್ಕಿಂತ ಕಡಿಮೆ ಇದ್ದರೆ ಕಂಪನಿಗೆ ಪಾಲಿಲ್ಲ.

ಲೆಕ್ಕ ಹಾಕಿ ನೋಡಿ. ನಿಮಗೆ 4,000 ಪೌಂಡಿನ ಸಾಮಾನು ಬೇಕು ಅಂದುಕೊಳ್ಳಿ. ಮೊದಲ ತಿಂಗಳಲ್ಲೇ ಅರ್ಜಿ ಹಾಕಿದರೆ ನಾಲ್ಕು ಸಾವಿರವೂ ಸರ್ಕಾರದ್ದು. ಮೂರನೇ ತಿಂಗಳಿಗೆ ಹಾಕಿದರೆ ದೊಡ್ಡ ಕಂಪನಿಯ ತಲೆಗೆ 1,600 ಪೌಂಡು ಬೀಳುತ್ತದೆ. ಸೇರಿ ಮೂರು ತಿಂಗಳಾದ ಹುಡುಗ, ಪ್ರೊಬೇಷನ್ ಬೇರೆ ಮುಗಿದಿಲ್ಲ, ಎಚ್‌ಆರ್ ಮುಂದೆ ಹೋಗಿ ಸಾವಿರದ ಆರುನೂರು ಪೌಂಡು ಕೇಳುತ್ತಾನಾ? ಕೇಳುವುದಿಲ್ಲ. ಮೀಟಿಂಗಿನಲ್ಲಿ ಅರ್ಧ ಕೇಳಿಸಿಕೊಂಡು, ಇನ್ನರ್ಧ ಊಹೆ ಮಾಡಿಕೊಂಡು ಕೂರುತ್ತಾನೆ.

ಬನಶಂಕರಿಯ ಒಬ್ಬ ಹುಡುಗ ಈ ಎರಡೂ ಕೊಕ್ಕೆಗೆ ಒಟ್ಟಿಗೆ ಸಿಕ್ಕಿಕೊಂಡ. ಸೇರಿದ ವಾರವೇ ಉತ್ಸಾಹದಲ್ಲಿ ಸ್ವಂತ ಕಾರ್ಡಿನಿಂದ ವೈರ್‌ಲೆಸ್ ಮೈಕ್ ತಗೊಂಡ. ಬಿಲ್ ಸ್ಕ್ಯಾನ್ ಮಾಡಿ ಇಟ್ಟ. ಪ್ರೊಬೇಷನ್ ಮುಗಿಯಲಿ, ಅಲ್ಲಿವರೆಗೆ ಸುಮ್ನೆ ಯಾಕೆ ಹೇಳಿಕೊಳ್ಳಬೇಕು ಅಂತ ಕಾದ. ಮೈಕಿನ ದುಡ್ಡೂ ಬರಲಿಲ್ಲ, ಪೂರ್ತಿ ಖರ್ಚು ಸಿಗುವ ಗಡುವೂ ಮುಗಿದಿತ್ತು. ಫೋನ್ ಮಾಡಿ, "ಅಣ್ಣಾ, ಬಿಲ್ ಇದೆಯಲ್ಲ, ಅಪೀಲು ಹಾಕಬಹುದಾ?" ಅಂದ. ಹಾಕಿ ಏನು ಬಂತು? ನಿಯಮವೇ ಹಾಗಿದೆ.

ಹಾಗಾದರೆ ಯಾವಾಗ ಅರ್ಜಿ ಹಾಕಬೇಕು? ಸೇರುವುದಕ್ಕೂ ಮೊದಲೇ. ಕೆಲಸ ಶುರುವಾಗಲು 12 ವಾರ ಇದೆ ಅನ್ನುವಾಗಲೇ ಹಾಕಲು ಬಿಡುತ್ತಾರೆ. ಅರ್ಜಿಗಳ ರಾಶಿ ದೊಡ್ಡದು, ತೀರ್ಮಾನಕ್ಕೆ ತಿಂಗಳುಗಟ್ಟಲೆ ಆಗುವುದುಂಟು. ಆದರೆ ಇನ್ನು 4 ವಾರದೊಳಗೆ ಕೆಲಸಕ್ಕೆ ಸೇರುವವರ ಅರ್ಜಿಯನ್ನು ಮುಂದಕ್ಕೆ ಎತ್ತಿಕೊಳ್ಳುತ್ತಾರೆ. ಅದಕ್ಕೇ ಸೇರುವ ತಾರೀಖನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಫೋನಿನಲ್ಲಿ ಅಥವಾ ಇಮೇಲಿನಲ್ಲಿ ನೆನಪಿಸಿ. ನಾಚಿಕೆ ಬೇಡ. ಪತ್ರ ಕೈಗೆ ಬಂದ ಮೇಲೆ ಕೊಳ್ಳಿ, ಆಗ ಬಿಲ್ ಕಳಿಸಿ. ಇದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನ ಮಾತು. ಉತ್ತರ ಐರ್ಲೆಂಡಿನದು ಬೇರೆ ವ್ಯವಸ್ಥೆ.

ಇಲ್ಲಿ ಇನ್ನೊಂದು ಮಾತು ಬರುತ್ತದೆ, ಮುಚ್ಚಿಡುವ ವಿಷಯ. ನಮ್ಮಲ್ಲಿ ಇಂಟರ್‌ವ್ಯೂಗೆ ಹೋಗುವಾಗ ಹಿಯರಿಂಗ್ ಏಡ್ ಕಾಣದಂತೆ ಕೂದಲು ಬಿಡುತ್ತೇವೆ. ಅಲ್ಲೂ ಹಾಗೇ ಮಾಡುವವರನ್ನು ನೋಡಿದ್ದೇನೆ. 2010ರ ಈಕ್ವಾಲಿಟಿ ಆಕ್ಟಿನ 60ನೇ ಸೆಕ್ಷನ್ ಪ್ರಕಾರ ಆಫರ್ ಕೊಡುವ ಮೊದಲು ಸಾಮಾನ್ಯವಾಗಿ ನಿಮ್ಮ ಆರೋಗ್ಯದ ಬಗ್ಗೆ ಕೇಳುವ ಹಾಗೇ ಇಲ್ಲ. ಇಂಟರ್‌ವ್ಯೂಗೆ ಏನಾದರೂ ಅನುಕೂಲ ಬೇಕಾ ಅಂತ ಕೇಳಬಹುದು. ಅಲ್ಲಿಯವರೆಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಆಫರ್ ಲೆಟರ್ ಬಂದ ದಿನ ಮಾತ್ರ ಹೇಳಿಬಿಡಿ. ಗಡಿಯಾರ ಓಡುತ್ತಿರುತ್ತದೆ. ನಮ್ಮಲ್ಲಿ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಇದೆ, ಅಂಗವೈಕಲ್ಯ ಶೇ 40 ಆದರೂ ಇರಬೇಕು ಅನ್ನುವ ಲೆಕ್ಕ ಇದೆ. ಎಲ್ಲಕ್ಕೂ ಸರ್ಟಿಫಿಕೇಟು. ಅಲ್ಲಿ ಕಂಪನಿಯ ಹತ್ತಿರ ಪರ್ಸೆಂಟೇಜ್ ಯಾರೂ ಕೇಳುವುದಿಲ್ಲ, ದಿನದ ಕೆಲಸಕ್ಕೆ ಏನು ಅಡ್ಡಿ ಅಂತ ಕೇಳುತ್ತಾರೆ. ಈ ಒಂದು ವಿಷಯದಲ್ಲಿ ನನ್ನ ಓಟು ಕಣ್ಣುಮುಚ್ಚಿ ಅವರಿಗೇ.

ಓದಲು ಹೋಗುವವರು ಗಮನಿಸಿ. ಡಿಸೇಬಲ್ಡ್ ಸ್ಟೂಡೆಂಟ್ಸ್ ಅಲೋಯನ್ಸ್ ಅಂತ ವೆಬ್‌ಸೈಟುಗಳಲ್ಲಿ ಓದಿ ಅದರ ಮೇಲೆ ಲೆಕ್ಕ ಹಾಕಬೇಡಿ. ಇಲ್ಲಿಂದ ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಅದು ಇಲ್ಲ. ನಿಮ್ಮ ಜಾಗ ಯೂನಿವರ್ಸಿಟಿಯ ಡಿಸೆಬಿಲಿಟಿ ಆಫೀಸು. ಅಡ್ಮಿಷನ್ ಖಾತ್ರಿಯಾದ ಕೂಡಲೇ ಅವರಿಗೆ ಬರೆಯಿರಿ.

ವೀಸಾದ ಮೇಲೆ "ನೋ ಪಬ್ಲಿಕ್ ಫಂಡ್ಸ್" ಅಂತ ಇರುತ್ತದೆ. ಅದನ್ನು ನೋಡಿ ಹೆದರಿ ಏನನ್ನೂ ಮುಟ್ಟದವರಿದ್ದಾರೆ. ಹೆದರದೆ ಎಲ್ಲಕ್ಕೂ ಅರ್ಜಿ ಗುಜರಾಯಿಸಿದವರೂ ಇದ್ದಾರೆ. ಎರಡೂ ತಪ್ಪು. ಮುಟ್ಟಬಾರದ ಸರ್ಕಾರಿ ನೆರವುಗಳದ್ದೇ ಒಂದು ಪಟ್ಟಿ ಇದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆ ಪಟ್ಟಿಯಲ್ಲಿಲ್ಲ, ಆಕ್ಸೆಸ್ ಟು ವರ್ಕ್ ಕೂಡ ಇಲ್ಲ. ಪಿಐಪಿ ಅನ್ನುವ ಅಂಗವಿಕಲರ ಭತ್ಯೆ ಇದೆ, ಅದು ಪಟ್ಟಿಯಲ್ಲಿದೆ. ಯಾರೋ ಒಳ್ಳೆಯ ಮನಸ್ಸಿನ ಇಂಗ್ಲಿಷ್ ಸಹೋದ್ಯೋಗಿ "ನೀನ್ಯಾಕೆ ಪಿಐಪಿ ತಗೊಳ್ಳಬಾರದು" ಅನ್ನುತ್ತಾರೆ. ಅವರಿಗೆ ನಿಮ್ಮ ವೀಸಾ ಗೊತ್ತಿಲ್ಲ. ತಗೊಂಡರೆ ವೀಸಾ ಷರತ್ತು ಮುರಿದಂತೆ.

ಇನ್ನು ಹಿಯರಿಂಗ್ ಏಡ್. ವೀಸಾ ಜೊತೆ ವರ್ಷಕ್ಕೆ 1,035 ಪೌಂಡು ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ, ವಿದ್ಯಾರ್ಥಿಗಳಿಗೆ 776. ಆ ದುಡ್ಡಿಗೆ ಎನ್‌ಎಚ್‌ಎಸ್ ಹಿಯರಿಂಗ್ ಏಡ್ ಬರುತ್ತದೆ. ಬಳಸಲು ಉಚಿತವಾಗಿ ಕೊಡುತ್ತಾರೆ, ಬ್ಯಾಟರಿ ಉಚಿತ, ರಿಪೇರಿ ಉಚಿತ. ಕಳೆದುಕೊಂಡರೆ ಮಾತ್ರ ದುಡ್ಡು ಕೇಳಬಹುದು. ಬಿಟ್ಟಿ ಅಂದರೆ ಡಬ್ಬಾ ಇರುತ್ತೆ ಅನ್ನುವ ನಮ್ಮ ಅನುಮಾನ ಇಲ್ಲಿ ನಡೆಯುವುದಿಲ್ಲ. ಒಳ್ಳೆಯ ಡಿಜಿಟಲ್ ಮಿಷನ್ನೇ ಕೊಡುತ್ತಾರೆ. ಸಾಮಾನ್ಯವಾಗಿ ಕಿವಿಯ ಹಿಂದೆ ಕೂರುವ ಮಾದರಿ, ಕಾಣುತ್ತದೆ. ಕಾಣಲಿ ಬಿಡಿ.

ಅದಕ್ಕೇ ಹೊರಡುವ ತಿಂಗಳಲ್ಲಿ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಹೊಸ ಏಡ್ ತಗೊಳ್ಳಬೇಡಿ. ಹೊರಗೆ ಕೊಂಡ ಮಿಷನ್ನಿಗೆ ಎನ್‌ಎಚ್‌ಎಸ್ ಬ್ಯಾಟರಿಯನ್ನೂ ಕೊಡುವುದಿಲ್ಲ, ರಿಪೇರಿಯನ್ನೂ ಮಾಡುವುದಿಲ್ಲ. ಇನ್ನೂ ಒಂದು. ಕೆಲವು ಅಂಗಡಿ ಸರಪಳಿಗಳು ತಮ್ಮ ಹೆಸರಿನಲ್ಲಿ ಮಾರುವ ಏಡ್‌ಗಳನ್ನು ಲಾಕ್ ಮಾಡಿರುತ್ತವೆ. ಅವರ ಸಾಫ್ಟ್‌ವೇರ್ ಬಿಟ್ಟು ಬೇರೆಯದರಲ್ಲಿ ಅದು ತೆರೆಯುವುದೇ ಇಲ್ಲ. ತಗೊಳ್ಳಲೇಬೇಕಾಗಿ ಬಂದರೆ "ಲಾಕ್ ಇದೆಯಾ?" ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಇಲ್ಲಿಂದ ಒಯ್ಯಬೇಕಾದ್ದು ಹೊಸ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ವರದಿ. ಲಿಂಗರಾಜಪುರದ ಎಸ್‌.ಆರ್‌. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಲ್ಲೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ (ಆಯಿಷ್) ಮಾಡಿಸಿದ್ದು ಅಲ್ಲಿನ ಆಡಿಯಾಲಜಿಸ್ಟಿಗೂ ಅರ್ಥವಾಗುತ್ತದೆ. ಮತ್ತೆ ಟೆಸ್ಟ್ ಮಾಡಿಯೇ ಮಾಡುತ್ತಾರೆ, ಆದರೆ ಕಿವಿ ಹೇಗೆ ಬದಲಾಗಿದೆ ಅಂತ ಅವರಿಗೆ ಗೊತ್ತಾಗುತ್ತದೆ.

ಕಾಯಬೇಕು, ಅದು ನಿಜ. ಜಿಪಿ ಅನ್ನುವ ಬಡಾವಣೆಯ ಮಾಮೂಲಿ ಡಾಕ್ಟರ ಹತ್ತಿರ ಹೆಸರು ನೋಂದಾಯಿಸಿ, ಅವರು ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿ ವಿಭಾಗಕ್ಕೆ ಬರೆದು, ವಾರಗಟ್ಟಲೆ ಹೋಗುತ್ತದೆ. ಕೆಲವು ಊರಲ್ಲಿ ಜಿಪಿ ಇಲ್ಲದೆ ನೇರ ಹೋಗಬಹುದು, ವಿಚಾರಿಸಿ. ಈ ವಿಷಯದಲ್ಲಿ ಬೆಂಗಳೂರೇ ವಾಸಿ. ಇಲ್ಲಿ ಬೆಳಿಗ್ಗೆ ಏಡ್ ಕೆಟ್ಟರೆ ಸಂಜೆಯೊಳಗೆ ಯಾರಾದರೂ ನೋಡುತ್ತಾರೆ, "ನಾಳೆ ಬನ್ನಿ ಸಾರ್" ಅಂದರೂ ನಾಳೆ ಅಂದರೆ ನಾಳೆಯೇ. ಹಾಗಾಗಿ ಹಳೆಯ ಏಡನ್ನು ಬಿಸಾಡದೆ ಜೊತೆಗೆ ಒಯ್ಯಿರಿ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇದನ್ನು ಎರಡು ಸಲ ಓದಿ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಮೇಲಿನದು ಯಾವುದೂ ಇಲ್ಲ. ಇಂಗ್ಲೆಂಡಿನಲ್ಲಿ ಜಿಪಿಯನ್ನು ಕಾಣಲು ದುಡ್ಡಿಲ್ಲ. ಆದರೆ ಆಸ್ಪತ್ರೆಯ ಚಿಕಿತ್ಸೆಗೆ ಅವರಿಂದ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ವಸೂಲು ಮಾಡುತ್ತಾರೆ. ಅಮ್ಮನ ಏಡ್ ಅಲ್ಲಿ ಕೆಟ್ಟರೆ ಖಾಸಗಿಯೇ ಗತಿ. ಆರು ತಿಂಗಳಿಗೆ ಸಾಕಾಗುವಷ್ಟು ಬ್ಯಾಟರಿ ಇಲ್ಲಿಂದಲೇ ಕಟ್ಟಿಕೊಡಿ, ಬಾಕ್ಸನ್ನು ಕೈಚೀಲದಲ್ಲೇ ಇಡಿ. ಬ್ಯಾಟರಿಯ ಮೇಲಿನ ಬಣ್ಣದ ಸ್ಟಿಕರ್ ಮಾತ್ರ ಮೊದಲೇ ಕೀಳಬೇಡಿ, ಕಿತ್ತ ಗಳಿಗೆಯಿಂದ ಅದು ಖಾಲಿಯಾಗತೊಡಗುತ್ತದೆ.

ಕಣ್ಣಿನ ತೊಂದರೆ ಇರುವವರಿಗೆ ಸಾಫ್ಟ್‌ವೇರ್ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಸ್ಕ್ರೀನ್ ರೀಡರ್‌ಗಳಲ್ಲಿ ಎನ್‌ವಿಡಿಎ ಎಲ್ಲಿದ್ದರೂ ಉಚಿತ, ಇಸ್ಪೀಕ್ ಅನ್ನುವ ಧ್ವನಿಯಲ್ಲಿ ಕನ್ನಡವನ್ನೂ ಓದುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಜಾಸ್ ಬೇಕಾದರೆ ಮೇಲೆ ಹೇಳಿದ ಆಕ್ಸೆಸ್ ಟು ವರ್ಕ್ ಅರ್ಜಿ. ಜನ ಕಳೆದುಕೊಳ್ಳುವುದು ಕಾಗದದ ಕೆಲಸದಲ್ಲಿ. ಇಂಗ್ಲೆಂಡಿನಲ್ಲಿ ಕಣ್ಣಿನ ಕನ್ಸಲ್ಟೆಂಟ್ ಸಿವಿಐ ಅನ್ನುವ ಪ್ರಮಾಣಪತ್ರಕ್ಕೆ ಸಹಿ ಮಾಡಿದರೆ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ನಿಮ್ಮ ಹೆಸರನ್ನು ನೋಂದಾಯಿಸುತ್ತದೆ. ನಮ್ಮ ಯುಡಿಐಡಿ ಇದಕ್ಕೆ ನಡೆಯುವುದಿಲ್ಲ. ತೀವ್ರ ದೃಷ್ಟಿದೋಷ ಅಂತ ನೋಂದಣಿಯಾದರೆ ಬ್ಲೈಂಡ್ ಪರ್ಸನ್ಸ್ ಅಲೋಯನ್ಸ್ ಸಿಗುತ್ತದೆ. 2025-26ರಲ್ಲಿ 3,130 ಪೌಂಡಿನಷ್ಟು ಹೆಚ್ಚುವರಿ ಆದಾಯಕ್ಕೆ ತೆರಿಗೆ ಇಲ್ಲ. ನೀವು ಬಳಸದೆ ಉಳಿದದ್ದನ್ನು ಗಂಡ ಅಥವಾ ಹೆಂಡತಿಯ ಹೆಸರಿಗೆ ಹಾಕಿಸಬಹುದು. ಡಾಕ್ಟರ್ ತಾವಾಗಿ ಸಿವಿಐ ವಿಷಯ ಎತ್ತದೆ ಇರಬಹುದು. ನೀವೇ ಕೇಳಿ. ವಿಜಯನಗರದ ಒಬ್ಬಳು ಹುಡುಗಿ "ಆಮೇಲೆ ಕೇಳಿದರಾಯಿತು" ಅಂತ ವರ್ಷಗಳನ್ನೇ ಕಳೆದಳು, ತೆರಿಗೆ ಮಾತ್ರ ತಿಂಗಳು ತಿಂಗಳು ಕಟ್ಟಿದಳು.

ಬ್ರೈಲ್ ಡಿಸ್‌ಪ್ಲೇಯಂತೆ ಅಂಗವಿಕಲರಿಗೆಂದೇ ಮಾಡಿದ ವಸ್ತುವನ್ನು ಸ್ವಂತ ಬಳಕೆಗೆ ಕೊಳ್ಳುವಾಗ ಶೇ 20ರ ವ್ಯಾಟ್ ಕಟ್ಟಬೇಕಾಗಿಲ್ಲ. ಆರ್ಡರ್ ಮಾಡುವಾಗಲೇ ಅಂಗಡಿಯವರ ಫಾರ್ಮ್ ತುಂಬಿ. ಮಾಮೂಲಿ ಫೋನಿಗೆ, ಲ್ಯಾಪ್‌ಟಾಪಿಗೆ ಇದು ಇಲ್ಲ.

ರಸ್ತೆಯ ಬಗ್ಗೆ ಹೋಲಿಕೆಯೇ ಬೇಡ. ಸಿಗ್ನಲ್ ದಾಟುವ ಕಡೆ ಬಟನ್ ಇರುವ ಡಬ್ಬಿಯ ತಳದಲ್ಲಿ ಕೈ ಆಡಿಸಿ ನೋಡಿ. ಬೆರಳಿಗೆ ಒಂದು ಪುಟ್ಟ ಗುಬುಟು ಸಿಕ್ಕರೆ ಅದನ್ನು ಹಿಡಿದುಕೊಂಡಿರಿ. ಹಸಿರು ಬಂದಾಗ ಅದು ತಿರುಗುತ್ತದೆ. ಕಾಣದಿದ್ದರೂ, ಕೇಳದಿದ್ದರೂ ದಾಟಬಹುದು. ಅಲ್ಲಿ ಎಷ್ಟೋ ವರ್ಷದಿಂದ ಇರುವವರಿಗೇ ಇದು ಗೊತ್ತಿಲ್ಲ.

ಕಿವಿ ಕೇಳದವರು ಸಿಮ್ ಹಾಕಿದ ದಿನವೇ ಮಾಡಬೇಕಾದ ಒಂದು ಕೆಲಸ ಇದೆ. 999ಕ್ಕೆ ಮೆಸೇಜ್ ಮಾಡಿ ಪೊಲೀಸ್, ಆಂಬುಲೆನ್ಸ್ ಕರೆಯಬಹುದು, ಆದರೆ ನಂಬರ್ ಮೊದಲೇ ನೋಂದಣಿಯಾಗಿರಬೇಕು. ಇಂಗ್ಲಿಷಿನಲ್ಲಿ ರಿಜಿಸ್ಟರ್ ಅಂತ ಟೈಪ್ ಮಾಡಿ 999ಕ್ಕೆ ಕಳಿಸಿ. ಒಂದು ಉತ್ತರ ಬರುತ್ತದೆ. ಅಷ್ಟಕ್ಕೇ ಮುಗಿಯಿತು ಅಂತ ಫೋನ್ ಕೆಳಗಿಡುವವರು ಜಾಸ್ತಿ. ಆ ಉತ್ತರವನ್ನು ಓದಿ, ಅದಕ್ಕೆ ಯೆಸ್ ಅಂತ ವಾಪಸ್ ಕಳಿಸಿ, ನೋಂದಣಿಯಾಯಿತು ಅನ್ನುವ ಮೆಸೇಜ್ ಬರುವವರೆಗೆ ಕಾಯಿರಿ. ಸಿಮ್ ಬದಲಾಯಿಸಿ ಹೊಸ ನಂಬರ್ ತಗೊಂಡರೆ ಮತ್ತೆ ಮೊದಲಿಂದ ಮಾಡಬೇಕು.